ಬಾಲ ವಾಲಿದ ಫ್ಯೂಸಲೇಜ್: ತಿರುಚು ಹುಟ್ಟಿದ ಜಾಗ ಹುಡುಕುವುದು

ಫ್ಯೂಸಲೇಜಿನ, ಅಂದರೆ ವಿಮಾನದ ಒಡಲಿನ, ಚೌಕಟ್ಟಿಗೆ ವೆಲ್ಡಿಂಗ್ ಮುಗಿದಿದೆ, ಕ್ಲಾಂಪ್‌ಗಳನ್ನೆಲ್ಲ ಬಿಚ್ಚಿದ್ದೀರಿ. ಹಿಂದೆ ನಿಂತು ನೋಡಿದರೆ ರಡ್ಡರ್ ಪೋಸ್ಟ್ (ಬಾಲದ ತುದಿಯ ನಿಲುವು ಕಂಬ) ಒಂದು ಕಡೆಗೆ ವಾಲಿದೆ. ಮುಂದೆ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಹತ್ತಿರ ಸ್ಪಿರಿಟ್ ಲೆವೆಲ್ ಇಟ್ಟರೆ ಗುಳ್ಳೆ ನಡುವೆ ನಿಲ್ಲುತ್ತದೆ. ಬಾಲದ ಹತ್ತಿರ ಇಟ್ಟರೆ ಮೂಲೆಗೆ ಓಡುತ್ತದೆ. ಉಕ್ಕಿನ ಟ್ಯೂಬ್‌ನಿಂದ ಮನೆಯಲ್ಲೇ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನ) ಕಟ್ಟುವವರಿಗೆ ಇದು ಹಳೆಯ ತಲೆನೋವು. ಕೂಡಲೇ ಗ್ಯಾಸ್ ಟಾರ್ಚ್ ಹಚ್ಚಿ, ಬಾಲವನ್ನು ಕಾಯಿಸಿ, ಪೈಪ್ ತೂರಿಸಿ ಎಳೆಯೋಣ ಅನ್ನಿಸುತ್ತದೆ. ತಡೆಯಿರಿ. ದೋಷ ಬಾಲದಲ್ಲಿ ಕಾಣುತ್ತಿದೆ ಅಷ್ಟೆ. ಅದು ಹುಟ್ಟಿದ್ದು ಬಹುಪಾಲು ಸಲ ಮುಂದೆ, ಎಲ್ಲೋ ಕಾಕ್‌ಪಿಟ್ ಹತ್ತಿರ. ಬಾಲವನ್ನು ಎಳೆದು ನೆಟ್ಟಗೆ ಮಾಡಿದರೆ ಒಂದು ದೋಷ ಹೋಗಿ ಎರಡಾಗುತ್ತವೆ.

ಇಲ್ಲಿ ಹೇಳುವುದು ನಾಲ್ಕು ಲಾಂಜೆರಾನ್‌ಗಳ (ಮೂಗಿನಿಂದ ಬಾಲಕ್ಕೆ ಉದ್ದಕ್ಕೆ ಹೋಗುವ ಮುಖ್ಯ ಟ್ಯೂಬ್‌ಗಳ) ಪೆಟ್ಟಿಗೆಯಂಥ ಚೌಕಟ್ಟಿಗೆ. ಪಿಟ್ಸ್, ಸ್ಕೈಬೋಲ್ಟ್, ಹ್ಯಾಟ್ಜ್, ಸ್ಟಾರ್‌ಡಸ್ಟರ್ ಟೂ ಎಂಬ ಬೈಪ್ಲೇನ್‌ಗಳೆಲ್ಲವೂ ಈ ಜಾತಿಯವೇ. ಟ್ಯೂಬ್ 4130 ಕ್ರೋಮ್-ಮಾಲಿಬ್ಡಿನಮ್ ಉಕ್ಕು, ಗೋಡೆಯ ದಪ್ಪ ಹೆಚ್ಚಿನ ಕಡೆ 0.035 ಇಂಚು, ಅಂದರೆ 0.9 ಮಿ.ಮೀ. ಒಳಗೆ. ಲೋಡ್ ಜಾಸ್ತಿ ಇರುವ ಕಡೆ 0.049 ಇಂಚು. ಇಷ್ಟು ತೆಳುವಾದ ಲೋಹ ಕಾದಾಗ ಸುಲಭವಾಗಿ ಮಣಿಯುತ್ತದೆ, ಆರಿದಾಗ ತನ್ನ ಹಟ ಸಾಧಿಸುತ್ತದೆ. ಹಾಗಂತ ಹೆದರುವುದೇನೂ ಬೇಡ. ಸ್ಕೈಬೋಲ್ಟ್‌ನ ಮೊದಲ ವಿಮಾನವನ್ನು ಲಾಮಾರ್ ಸ್ಟೀನ್ ಎಂಬ ಮೇಷ್ಟ್ರು ಡೆನ್ವರ್‌ನ ಹೈಸ್ಕೂಲ್ ಹುಡುಗರನ್ನು ಸೇರಿಸಿಕೊಂಡು ಕಟ್ಟಿದ್ದು. 1970ರಲ್ಲಿ ಅದು ಹಾರಿತು. ನಮ್ಮ ಕಡೆಗೂ ಈ ಕೆಲಸ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಕೂಡ ಟ್ಯೂಬ್ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನವೇ.

ಅಳತೆಗೆ ಮುಂಚೆ

ನಿಮ್ಮ ಅಳತೆಯೇ ಸುಳ್ಳು ಹೇಳುತ್ತಿರಬಹುದು. ಅದನ್ನು ಮೊದಲು ನೋಡಿ.

ಚೌಕಟ್ಟು ನಾಲ್ಕು ಸ್ಟ್ಯಾಂಡ್ ಮೇಲೆ ಕೂತಿದ್ದರೆ ಒಂದನ್ನು ತೆಗೆಯಿರಿ. ನಾಲ್ಕು ಕಾಲಿನಲ್ಲಿ ಒಂದು ಎತ್ತರ ತಗ್ಗು ಆದರೂ ಸ್ಟ್ಯಾಂಡೇ ಚೌಕಟ್ಟನ್ನು ತಿರುಚಿ ಹಿಡಿಯುತ್ತದೆ. ಫೈರ್‌ವಾಲ್ ಹತ್ತಿರ ಕೆಳಗಿನ ಎರಡು ಲಾಂಜೆರಾನ್‌ಗಳಿಗೆ ಒಂದೊಂದು ಆಸರೆ, ಬಾಲದ ಹತ್ತಿರ ನಟ್ಟನಡುವೆ ಒಂದೇ ಆಸರೆ. ಮೂರು ಸಾಕು. ಟೇಬಲ್‌ಗೆ ಇನ್ನೂ ಒಂದೇ ಒಂದು ಕ್ಲಾಂಪ್ ಇದ್ದರೂ ಅಳೆಯಬೇಡಿ.

ಎರಡನೆಯದು ಬಿಸಿಲು. ಶಟರ್ ತೆಗೆದ ಗ್ಯಾರೇಜಿನಲ್ಲಿ ಒಂದು ಮಗ್ಗುಲಿಗೆ ಮಾತ್ರ ಬಿಸಿಲು ಬೀಳುತ್ತದೆ, ಅಲ್ವಾ? ಉಕ್ಕು ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ 0.012 ಮಿ.ಮೀ. ಉದ್ದವಾಗುತ್ತದೆ. 4.5 ಮೀಟರ್ ಲಾಂಜೆರಾನ್ ಪಕ್ಕದ್ದಕ್ಕಿಂತ 15 ಡಿಗ್ರಿ ಜಾಸ್ತಿ ಕಾದರೆ 0.8 ಮಿ.ಮೀ. ಬೆಳೆಯುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಎರಡು ಲಾಂಜೆರಾನ್ ನಡುವೆ ಸುಮಾರು 60 ಸೆಂ.ಮೀ. ಅಂತರ ಇದ್ದಾಗ ಅಷ್ಟಕ್ಕೇ ಬಾಲ ಮೂರು ಮಿ.ಮೀ. ಆಚೆಗೆ ಸರಿಯುತ್ತದೆ. ಬೆಳಗ್ಗೆ ಬಿಸಿಲು ಬರುವ ಮೊದಲು ಅಳೆಯಿರಿ. ಅದೇ ದಿನ ವೆಲ್ಡಿಂಗ್ ಮಾಡಿದ್ದರೆ ಅಂದು ಅಳತೆ ಬೇಡವೇ ಬೇಡ.

ಮೂರನೆಯದು ಸ್ಪಿರಿಟ್ ಲೆವೆಲ್. ಅದನ್ನು ತಿರುಗಿಸಿ, ಎಡತುದಿ ಬಲಕ್ಕೆ ಬರುವ ಹಾಗೆ ಅದೇ ಜಾಗದಲ್ಲಿ ಮತ್ತೆ ಇಡಿ. ಎರಡೂ ಸಲ ಒಂದೇ ತೋರಿಸಬೇಕು. ಲೆವೆಲ್ಲನ್ನು ವೆಲ್ಡಿಂಗ್ ಗಂಟಿನ ಮೇಲೆ ಇಡಬೇಡಿ. ಗಂಟಿನಿಂದ ಒಂದು ಗೇಣು ದೂರ, ಎರಡೂ ಲಾಂಜೆರಾನ್ ಮೇಲೆ ಒಂದೇ ಎತ್ತರದ ಬ್ಲಾಕ್ ಇಟ್ಟು ಅದರ ಮೇಲೆ ಇಡಿ.

ತಿರುಚು, ಬಾಗು, ಓರೆ

ವಾಲಿದ ಬಾಲ ಕಂಡರೆ ಎಲ್ಲರೂ 'ತಿರುಚಿದೆ' ಅಂತಲೇ ಹೇಳುತ್ತಾರೆ. ಮೂರು ಬೇರೆ ಬೇರೆ ಕಾಯಿಲೆಗಳಿಗೆ ಲಕ್ಷಣ ಮಾತ್ರ ಒಂದೇ. ಔಷಧ ಬೇರೆ ಬೇರೆ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ಅಳೆದು, ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ಬಾಗು ಅಂದರೆ ಚೌಕಟ್ಟು ಬಾಳೆಹಣ್ಣಿನ ಹಾಗೆ ಪಕ್ಕಕ್ಕೆ ಬಳುಕಿರುವುದು. ಇದನ್ನು ಹಿಡಿಯುವುದು ಸುಲಭ. ಪ್ರತಿ ಅಡ್ಡ ಟ್ಯೂಬ್‌ನ ನಟ್ಟನಡುವೆ ಗುರುತು ಹಾಕಿ. ಅಲ್ಲಿಂದ ತೂಗುಗುಂಡು ಇಳಿಬಿಡಿ. ನೆಲದ ಮೇಲೆ ಫೈರ್‌ವಾಲ್ ನಡುವಿನಿಂದ ಬಾಲದ ನಡುವಿಗೆ ದಾರ ಹೊಡೆದು ಬಳಪದ ಗೆರೆ ಎಳೆಯಿರಿ. ಗುಂಡುಗಳು ಗೆರೆಯಿಂದ ಎಷ್ಟು ದೂರ ನಿಂತಿವೆ ಅಂತ ಬರೆದುಕೊಳ್ಳಿ.

ಓರೆ ಅಂದರೆ ಚೌಕಟ್ಟಿನ ಅಡ್ಡಕೊಯ್ತ ಆಯತವಾಗಿರದೆ ಒಂದು ಕಡೆ ಜಾರಿರುವುದು. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದರೆ ಗೊತ್ತಾಗುತ್ತದೆ. ಇಲ್ಲಿ ಟೇಪ್ ನಂಬಬೇಡಿ. ಟೇಪ್ ಜೋಲುತ್ತದೆ, ಕೊಕ್ಕೆ ಅಲುಗುತ್ತದೆ, ಕಣ್ಣು ಬೇಕಾದ ಗೆರೆಯನ್ನೇ ಓದುತ್ತದೆ. ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಜಾರುವ ಹಾಗೆ ಇಟ್ಟು, ತುದಿಗಳನ್ನು ಮೊನಚು ಮಾಡಿ. ಒಂದು ಕರ್ಣಕ್ಕೆ ಸರಿಯಾಗಿ ಚಾಚಿ, ಚಿಕ್ಕ ಕ್ಲಾಂಪ್ ಬಿಗಿದು, ಹಾಗೇ ಎತ್ತಿ ಇನ್ನೊಂದು ಕರ್ಣಕ್ಕೆ ಹಿಡಿಯಿರಿ. ಒಂದು ತುದಿ ಮೂಲೆಗೆ ತಾಗಿ ಇನ್ನೊಂದು ತುದಿಯಲ್ಲಿ ಹಾಳೆಯಷ್ಟು ಸಂದು ಉಳಿದರೂ ಬೆರಳಿಗೆ ಸಿಗುತ್ತದೆ. ಇದರಲ್ಲಿ ಅಂಕಿಯನ್ನು ಓದುವ ಕೆಲಸವೇ ಇಲ್ಲ. ಎರಡು ಕರ್ಣಗಳ ವ್ಯತ್ಯಾಸ ನೇರವಾಗಿ ಕಣ್ಣೆದುರು ಇರುತ್ತದೆ.

ಇನ್ನು ನಿಜವಾದ ತಿರುಚು. ಅಡ್ಡಕೊಯ್ತಗಳೆಲ್ಲ ಸರಿಯಾದ ಆಯತಗಳೇ, ಆದರೆ ಒಂದಕ್ಕೆ ಹೋಲಿಸಿದರೆ ಮುಂದಿನದು ಸ್ವಲ್ಪ ಹೊರಳಿದೆ. ಇದಕ್ಕೆ ಡಿಜಿಟಲ್ ಕೋನಮಾಪಕ ಬೇಕು. ಫೈರ್‌ವಾಲ್ ಅಡ್ಡ ಟ್ಯೂಬ್ ಮೇಲೆ ಇಟ್ಟು ಸೊನ್ನೆ ಮಾಡಿ. ಅಲ್ಲಿಂದ ಬಾಲದವರೆಗೆ ಪ್ರತಿ ಅಡ್ಡ ಟ್ಯೂಬ್ ಹತ್ತಿರ ಕೋನ ಬರೆದುಕೊಳ್ಳುತ್ತಾ ಹೋಗಿ.

ನಿಜವಾದ ಉತ್ತರ ಇರುವುದು ಈ ಕೋನಗಳ ಸಾಲಿನಲ್ಲೇ. ಎರಡು ಸಾಲು ನೋಡಿ. ಮೊದಲನೆಯದು: 0, 0.1, 0.9, 0.9, 1.0, 1.0. ಎರಡನೆಯದು: 0, 0.2, 0.4, 0.6, 0.8, 1.0. ಎರಡರಲ್ಲೂ ಬಾಲ ಒಂದು ಡಿಗ್ರಿ ವಾಲಿದೆ. ಬಾಲವನ್ನು ಮಾತ್ರ ನೋಡುವವನಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ದೋಷವೆಲ್ಲ ಒಂದೇ ಅಂಕಣದಲ್ಲಿದೆ (ಎರಡು ಅಡ್ಡ ಟ್ಯೂಬ್ ನಡುವಿನ ಭಾಗವೇ ಅಂಕಣ), ಎರಡನೇ ಮತ್ತು ಮೂರನೇ ಅಳತೆಯ ನಡುವೆ. ಮಿಕ್ಕ ಚೌಕಟ್ಟು ಪಾಪ, ನೆಟ್ಟಗೇ ಇದೆ. ಎರಡನೆಯದರಲ್ಲಿ ಪ್ರತಿ ಅಂಕಣವೂ ಒಂದಿಷ್ಟು ಪಾಲು ಹಾಕಿದೆ. ಮೊದಲನೆಯದನ್ನು ಸರಿ ಮಾಡಬಹುದು. ಎರಡನೆಯದನ್ನು ಸರಿ ಮಾಡುವುದಕ್ಕಿಂತ ಅದರ ಜೊತೆ ಬಾಳುವುದೇ ಮೇಲು. ಅದನ್ನು ಮುಂದೆ ಹೇಳುತ್ತೇನೆ.

ಕಾಕ್‌ಪಿಟ್ ಅಂಕಣದ ಮೇಲೆ ಮೊದಲ ಅನುಮಾನ

ಕೋನ ಜಿಗಿಯುವ ಜಾಗ ಹೆಚ್ಚಿನ ಸಲ ಕಾಕ್‌ಪಿಟ್ಟೇ ಆಗಿರುತ್ತದೆ. ಕಾರಣ ವೆಲ್ಡರ್‌ನ ಕೈಯಲ್ಲ, ಚೌಕಟ್ಟಿನ ಆಕಾರ. ಬಾಲದ ಕಡೆಯ ಅಂಕಣಗಳಲ್ಲಿ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಮುಖಕ್ಕೆ ಮೂಲೆಯಿಂದ ಮೂಲೆಗೆ ಹೋಗುವ ಓರೆ ಟ್ಯೂಬ್ ಇದೆ. ಕಾಕ್‌ಪಿಟ್‌ನಲ್ಲಿ ಮೇಲಿನ ಮುಖ ಖಾಲಿ. ಅಲ್ಲಿ ಮನುಷ್ಯ ಕೂರಬೇಕು! ಮುಚ್ಚಳ ತೆಗೆದ ಸ್ವೀಟ್ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಅದೇ ಕಥೆ. ಎರಡು ಸೀಟಿನ ಬೈಪ್ಲೇನ್ ಆದರೆ ಇಂಥ ಖಾಲಿ ಅಂಕಣ ಒಂದರ ಹಿಂದೆ ಒಂದು ಎರಡು ಇರುತ್ತವೆ.

ಖಚಿತ ಮಾಡಿಕೊಳ್ಳಲು ಕಾಕ್‌ಪಿಟ್ ಬಾಯಿಯ ಎರಡು ಕರ್ಣಗಳನ್ನು ಆ ಜಾರುಪಟ್ಟಿಯಲ್ಲೇ ಅಳೆಯಿರಿ. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಆಮೇಲೆ ಬಲ ಮುಂದಿನಿಂದ ಎಡ ಹಿಂದಕ್ಕೆ. ಎರಡೂ ಬೇರೆ ಬಂದರೆ ತಿರುಚು ಅಲ್ಲೇ ಕೂತಿದೆ.

ಹಾಗಾದರೆ ಅಲ್ಲಿಗೆ ಬಂದಿದ್ದು ಹೇಗೆ? ಕಾರಣ ಹಲವು ಇರಬಹುದು, ಸಾಮಾನ್ಯವಾಗಿ ಸಿಗುವವು ಇವು. ವೆಲ್ಡಿಂಗ್ ಮಾಡುವಾಗ ಆ ಖಾಲಿ ಬಾಯಿಗೆ ತಾತ್ಕಾಲಿಕ ಓರೆ ಟ್ಯೂಬ್ ಟ್ಯಾಕ್ ಮಾಡಿರಲಿಲ್ಲ, ಅಂದರೆ ಚುಕ್ಕೆ ವೆಲ್ಡಿಂಗ್ ಹಾಕಿ ನಿಲ್ಲಿಸಿರಲಿಲ್ಲ. ಅಥವಾ ಒಂದು ಮಗ್ಗುಲಿನ ಜಾಯಿಂಟ್‌ಗಳನ್ನೆಲ್ಲ ಮುಗಿಸಿ ಆಮೇಲೆ ಇನ್ನೊಂದು ಮಗ್ಗುಲಿಗೆ ಹೋದಿರಿ. ವೆಲ್ಡಿಂಗ್ ಆರುವಾಗ ಕುಗ್ಗುತ್ತದೆ, ಮೊದಲು ಮಾಡಿದ ಮಗ್ಗುಲು ಮೊದಲು ಎಳೆಯುತ್ತದೆ. ಎರಡನೇ ಮಗ್ಗುಲು ಎಳೆಯುವ ಹೊತ್ತಿಗೆ ಮೊದಲಿನದು ಗಟ್ಟಿಯಾಗಿ ಕೂತಿರುತ್ತದೆ, ಹಿಂದಕ್ಕೆ ಬರುವುದಿಲ್ಲ. ಇನ್ನೊಂದು, ಯಾವುದೋ ಓರೆ ಟ್ಯೂಬ್ ಎರಡು ಮಿ.ಮೀ. ಗಿಡ್ಡವಾಗಿತ್ತು, 'ಇರ್ಲಿ ಬಿಡು' ಅಂತ ಸಂದಿಯನ್ನು ರಾಡ್ ಕರಗಿಸಿ ತುಂಬಿದಿರಿ. ಸಂದಿ ದೊಡ್ಡದಾದಷ್ಟೂ ಕರಗಿದ ಲೋಹ ಜಾಸ್ತಿ, ಅಷ್ಟೂ ಕುಗ್ಗುವಿಕೆ ಜಾಸ್ತಿ. ಟ್ಯೂಬ್ ತುದಿಯನ್ನು ಫೈಲ್ ಹಿಡಿದು ಕಮಾನಾಗಿ ಕೂರಿಸಲು ಕಳೆಯುವ ಅರ್ಧ ಗಂಟೆ ಇಲ್ಲಿ ವಾಪಸ್ ಸಿಗುತ್ತದೆ.

ಯಾರೂ ಅಷ್ಟಾಗಿ ನೋಡದ ಕಾರಣ ಒಂದಿದೆ: ಎಡದ ಲಾಂಜೆರಾನ್ ಒಂದು ದಪ್ಪ, ಬಲದ್ದು ಇನ್ನೊಂದು. ಹೊರಗಿನ ವ್ಯಾಸ ಎರಡಕ್ಕೂ ಮುಕ್ಕಾಲು ಇಂಚೇ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಕಾಕ್‌ಪಿಟ್ ಹಿಂದೆ ಲಾಂಜೆರಾನ್‌ಗಳನ್ನು ಬಾಲದ ಕಡೆಗೆ ಒಳಕ್ಕೆ ಬಾಗಿಸುತ್ತೀರಲ್ಲ, ಅಲ್ಲಿ ತೆಳುವಾದದ್ದು ಜಾಸ್ತಿ ಬಾಗುತ್ತದೆ, ದಪ್ಪದ್ದು ಕಡಿಮೆ. ಉಳಿದ ಕತ್ತರಿಕೆ ತುಂಡುಗಳಿದ್ದರೆ ತೂಕ ಮಾಡಿ. ಮುಕ್ಕಾಲು ಇಂಚಿನ ಟ್ಯೂಬ್ 0.035 ದಪ್ಪದಲ್ಲಿ ಮೀಟರಿಗೆ 400 ಗ್ರಾಂ ತೂಗುತ್ತದೆ, 0.049 ದಪ್ಪದಲ್ಲಿ 545 ಗ್ರಾಂ ಹತ್ತಿರ. ಅಡುಗೆಮನೆ ತಕ್ಕಡಿ ಸಾಕು. ತೆಳು ಟ್ಯೂಬ್ ಇರುವುದು ನಕ್ಷೆಯಲ್ಲಿ ದಪ್ಪ ಟ್ಯೂಬ್ ಹೇಳಿದ ಜಾಗದಲ್ಲಿ ಅಂತಾದರೆ ತಿರುಚಿನ ಮಾತು ಬಿಡಿ, ಅದು ಶಕ್ತಿಯ ಪ್ರಶ್ನೆ. ಆ ಲಾಂಜೆರಾನ್ ಬದಲಾಗಲೇಬೇಕು.

ಕೋನ ಜಿಗಿದಿದ್ದು ಬಾಲದ ಅಂಕಣದಲ್ಲಿ ಆದರೆ

ಆಗ ಒಂದು ಗರಗಸದ ಪರೀಕ್ಷೆ ಇದೆ. ಆ ಅಂಕಣದ ಮೇಲಿನ ಮುಖದ ಓರೆ ಟ್ಯೂಬನ್ನು ಮಧ್ಯದಲ್ಲಿ ಸಣ್ಣ ಹಲ್ಲಿನ ಹ್ಯಾಕ್‌ಸಾ ಹಿಡಿದು ಕತ್ತರಿಸಿ. ಗ್ರೈಂಡರ್ ಬೇಡ. ಕೊನೆಯ ಸಿಪ್ಪೆಯಷ್ಟು ಉಳಿದಾಗ ಟ್ಯೂಬ್ ಏನು ಮಾಡುತ್ತದೆ ಅಂತ ನೋಡುತ್ತಿರಿ. ಗೆರೆ ಬಾಯಿ ಬಿಟ್ಟರೆ ಆ ಟ್ಯೂಬ್ ಎಳೆತದಲ್ಲಿತ್ತು, ಅಂದರೆ ಗಿಡ್ಡವಾಗಿತ್ತು. ಗರಗಸವನ್ನು ಕಚ್ಚಿ ಹಿಡಿದರೆ ಒತ್ತಡದಲ್ಲಿತ್ತು, ಉದ್ದವಾಗಿತ್ತು. ಕತ್ತರಿಸಿದ ಮೇಲೆ ಮತ್ತೆ ಕೋನ ನೋಡಿ. ಬಾಲ ತಾನಾಗಿಯೇ ನೆಟ್ಟಗಾದರೆ ಕಳ್ಳ ಸಿಕ್ಕಿದ. ಹಳೆಯ ಟ್ಯೂಬ್‌ನ ಎರಡೂ ತುಂಡು ತೆಗೆದು, ಈಗಿರುವ ಸಂದಿಯ ಅಳತೆಗೆ ಹೊಸದನ್ನು ಕತ್ತರಿಸಿ ಹಾಕಿ. ನಕ್ಷೆಯ ಅಳತೆಗಲ್ಲ, ಸಂದಿಯ ಅಳತೆಗೆ. ಏನೂ ಬದಲಾಗದಿದ್ದರೆ ಕೆಳಗಿನ ಮುಖದ ಟ್ಯೂಬ್‌ಗೆ ಅದೇ ಪರೀಕ್ಷೆ. ಅಲ್ಲೂ ಅಲುಗಲಿಲ್ಲ ಅಂದರೆ ದೋಷ ಜಾಯಿಂಟ್‌ಗಳಲ್ಲೇ ಬೀಗ ಹಾಕಿಕೊಂಡಿದೆ, ಮುಂದಿನ ಹೆಜ್ಜೆ ಶಾಖ.

ಕತ್ತರಿಸುವ ಮುಂಚೆ ಅನುಭವಸ್ಥರನ್ನು ಕರೆಸಿ ತೋರಿಸಿ. ಅಮೆರಿಕದಲ್ಲಿ ಇರುವವರಿಗೆ ಇಎಎ ಎಂಬ, ಮನೆಯಲ್ಲಿ ವಿಮಾನ ಕಟ್ಟುವವರ ಸಂಘದ ಟೆಕ್ನಿಕಲ್ ಕೌನ್ಸೆಲರ್‌ಗಳು ಇದಕ್ಕೆಂದೇ ಇದ್ದಾರೆ. ಅವರಲ್ಲಿ ಹಲವರು ತಾವೇ ವಿಮಾನ ಕಟ್ಟಿದವರು.

ಕಾಯಿಸಿ ನೇರ ಮಾಡುವುದು

ಮೊದಲ ಮಹಾಯುದ್ಧದಲ್ಲಿ ಫೋಕರ್ ಕಂಪನಿಯ ವಿಮಾನಗಳಿಗೆ ವೆಲ್ಡ್ ಮಾಡಿದ ಉಕ್ಕಿನ ಟ್ಯೂಬ್ ಚೌಕಟ್ಟೇ ಇತ್ತು. ಆದರೆ ಓರೆ ಟ್ಯೂಬ್ ಬದಲು ಅಂಕಣಗಳಿಗೆ ತಂತಿ ಬಿಗಿದಿದ್ದರು. ಚೌಕಟ್ಟು ತಿರುಚಿದರೆ ಒಂದು ತಂತಿ ಬಿಗಿ ಮಾಡಿ, ಇನ್ನೊಂದು ಸಡಿಲಿಸಿದರೆ ಮುಗಿಯಿತು. ನಮ್ಮ ಚೌಕಟ್ಟಿನಲ್ಲಿ ಆ ಸುಖ ಇಲ್ಲ. ಕಾಕ್‌ಪಿಟ್ ಅಂಕಣದಲ್ಲಿ ಮಾತ್ರ ಅದನ್ನು ಸಾಲ ತರಬಹುದು.

ಬಾಯಿಯ ಎರಡು ಕರ್ಣಗಳಲ್ಲಿ ಯಾವುದು ಉದ್ದ ಬಂತೋ ಅದರ ಉದ್ದಕ್ಕೆ ಉಕ್ಕಿನ ತಂತಿ ಮತ್ತು ಒಂದು ಟರ್ನ್‌ಬಕಲ್ (ತಿರುಗಿಸಿದರೆ ತಂತಿ ಬಿಗಿಯಾಗುವ ತಿರುಪು) ಕಟ್ಟಿ. ಟ್ಯೂಬ್‌ಗೆ ನೇರವಾಗಿ ತಂತಿ ಸುತ್ತಬೇಡಿ, ಗಾಯ ಮಾಡುತ್ತದೆ. ಅರ್ಧಚಂದ್ರದ ಮರದ ತುಂಡು ಮತ್ತು ಪಟ್ಟಿ ಹಾಕಿ. ಟರ್ನ್‌ಬಕಲ್ ನಿಧಾನ ತಿರುಗಿಸುತ್ತಾ ಹಿಂದಿನ ಅಡ್ಡ ಟ್ಯೂಬ್ ಮೇಲಿನ ಕೋನಮಾಪಕ ನೋಡುತ್ತಿರಿ. ಸೊನ್ನೆಗೆ ಬಂದು, ಅದನ್ನು ದಾಟಿ ಸ್ವಲ್ಪ ಆಚೆ ಹೋದಾಗ ನಿಲ್ಲಿಸಿ. ಈಗ ಆ ಅಂಕಣದ ಜಾಯಿಂಟ್‌ಗಳನ್ನು ಒಂದೊಂದಾಗಿ, ಒಂದು ಮೂಲೆ ಆದ ಮೇಲೆ ಎದುರು ಮೂಲೆ ಅನ್ನುವ ಕ್ರಮದಲ್ಲಿ ಕಾಯಿಸಬೇಕು.

ಎಷ್ಟು ಕಾಯಿಸಬೇಕು ಅನ್ನುವುದರಲ್ಲೇ ಇರುವುದು ಎಲ್ಲ. ಗ್ಯಾಸ್ ಟಾರ್ಚ್, ನ್ಯೂಟ್ರಲ್ ಜ್ವಾಲೆ (ಆಕ್ಸಿಜನ್ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ), ದೀಪ ತಗ್ಗಿಸಿದ ಕೋಣೆ. ಟ್ಯೂಬ್ ಮಂದ ಕೆಂಪಿಗೆ ತಿರುಗಿದ ಕ್ಷಣ, ಸುಮಾರು 650 ಡಿಗ್ರಿ, ಜ್ವಾಲೆ ತೆಗೆಯಿರಿ. ಬಿಸಿಲಿನಲ್ಲಿ ಈ ಕೆಂಪು ಕಾಣುವುದೇ ಇಲ್ಲ. ಕಾಣುವವರೆಗೆ ಕಾಯಿಸಿದರೆ ಮೇಲೆ ಹೋಗಿಬಿಟ್ಟಿರುತ್ತೀರಿ. ನಿಗದಿತ ಬಿಸಿಗೆ ಕರಗುವ ಕ್ರೇಯಾನ್ ಸಿಗುತ್ತದೆ, ಅದರಿಂದ ಒಂದು ಗೆರೆ ಎಳೆದುಕೊಂಡರೆ ಕಣ್ಣಿನ ಭರವಸೆ ಬೇಡ. 4130 ಉಕ್ಕು 750 ಡಿಗ್ರಿ ದಾಟಿದ ಮೇಲೆ ಬೇಗ ತಣಿದರೆ ಗಟ್ಟಿಯಾಗಿ, ಪೆಡಸಾಗಿ ಹೋಗುತ್ತದೆ. ಆದ್ದರಿಂದ ಒದ್ದೆ ಬಟ್ಟೆ, ನೀರು, ಫ್ಯಾನು ಯಾವುದೂ ಹತ್ತಿರ ಬರಬಾರದು. ಗಾಳಿಯಾಡದ ಕೋಣೆಯಲ್ಲಿ ತಾನಾಗಿ ಆರಲಿ. ಕಾರಿನ ಗ್ಯಾರೇಜಿನಲ್ಲಿ ಬಾಡಿ ನೇರ ಮಾಡುವವರು ಕೆಂಪು ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಒತ್ತುವುದನ್ನು ನೋಡಿರುತ್ತೀರಿ. ಅದು ಮೈಲ್ಡ್ ಸ್ಟೀಲ್ ತಗಡಿಗೆ. ಇಲ್ಲಿ ಅದನ್ನು ಮಾಡಿದರೆ ಬಿರುಕನ್ನು ಕೈಯಾರೆ ಕರೆದ ಹಾಗೆ.

ಎಲ್ಲ ಪೂರ್ತಿ ತಣ್ಣಗಾದ ಮೇಲೆ ಟರ್ನ್‌ಬಕಲ್ ಬಿಚ್ಚಿ. ಕೋನ ಸ್ವಲ್ಪ ಹಿಂದಕ್ಕೆ ಬರುತ್ತದೆ. ಎಷ್ಟು ಬಂತು ಅಂತ ನೋಡಿಕೊಂಡು ಬೇಕಾದರೆ ಇನ್ನೊಂದು ಸಲ. ಮೂರನೇ ಸಲ ಕಾಯಿಸಬೇಕು ಅನ್ನಿಸಿದರೆ ನಿಮ್ಮ ನಿದಾನವೇ ತಪ್ಪಿದೆ, ಕೋನದ ಸಾಲಿಗೆ ವಾಪಸ್ ಹೋಗಿ.

ಪಕ್ಕಕ್ಕೆ ಬಾಗಿದ ಚೌಕಟ್ಟಿಗೆ ಇಷ್ಟೆಲ್ಲ ಬೇಡ. ಟ್ಯೂಬ್ ಯಾವಾಗಲೂ ವೆಲ್ಡಿಂಗ್ ಆದ ಮಗ್ಗುಲಿಗೇ ಬಾಗುತ್ತದೆ. ಅದರ ಎದುರು ಮಗ್ಗುಲಲ್ಲಿ, ನಾಲ್ಕಾಣೆ ನಾಣ್ಯದಷ್ಟು ಅಗಲದ ಚುಕ್ಕೆಯನ್ನು ಅದೇ ಮಂದ ಕೆಂಪಿಗೆ ಕಾಯಿಸಿ ಬಿಟ್ಟರೆ ಆ ಮಗ್ಗುಲು ಕುಗ್ಗಿ ಟ್ಯೂಬ್ ವಾಪಸ್ ಬರುತ್ತದೆ. ಒಂದು ಚುಕ್ಕೆ, ಪೂರ್ತಿ ತಣಿಯುವವರೆಗೆ ಕಾಯುವುದು, ಅಳತೆ, ಆಮೇಲೆ ಇನ್ನೊಂದು ಚುಕ್ಕೆ.

ಎಷ್ಟಿದ್ದರೆ ಪರವಾಗಿಲ್ಲ

ಒಂದು ಡಿಗ್ರಿ ಅಂದರೆ ಎಷ್ಟು? ಬಾಲದ ಅಡ್ಡರೆಕ್ಕೆ ನಡುವಿನಿಂದ ತುದಿಗೆ 1.2 ಮೀಟರ್ ಇದ್ದರೆ ಒಂದು ತುದಿ 21 ಮಿ.ಮೀ. ಮೇಲೆ, ಇನ್ನೊಂದು ಅಷ್ಟೇ ಕೆಳಗೆ. ರನ್‌ವೇ ಪಕ್ಕ ನಿಂತವರಿಗೂ ಕಾಣುತ್ತದೆ. ಅರ್ಧ ಡಿಗ್ರಿ ಆದರೆ ಹತ್ತು ಮಿ.ಮೀ. ಸುಮಾರು.

ನನ್ನ ಅಭಿಪ್ರಾಯ ಕೇಳಿದರೆ, ಬಾಲದ ಕಡೆಯ ಅರ್ಧ ಡಿಗ್ರಿಗೆ ಟಾರ್ಚ್ ಹಚ್ಚುವುದು ವ್ಯರ್ಥ. ಗಾಳಿಗೆ ಗೊತ್ತಾಗುವುದು ರೆಕ್ಕೆ ಮತ್ತು ಬಾಲ ಒಂದಕ್ಕೊಂದು ಹೇಗಿವೆ ಅನ್ನುವುದು, ನಡುವಿನ ಟ್ಯೂಬ್‌ಗಳು ಹೇಗಿವೆ ಅನ್ನುವುದಲ್ಲ. ಬಾಲದ ಅಡ್ಡರೆಕ್ಕೆಯ ಫಿಟಿಂಗ್‌ಗಳನ್ನು ಇನ್ನೂ ವೆಲ್ಡ್ ಮಾಡಿಲ್ಲ ಅಂದರೆ ಅವನ್ನು ರೆಕ್ಕೆಯ ಮಟ್ಟಕ್ಕೆ ಹೊಂದಿಸಿ ಕೂರಿಸಿ, ತಿರುಚು ಅಲ್ಲೇ ಕರಗಿಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಎಲ್ಲ ಅಂಕಣದಲ್ಲೂ ಹಂಚಿಹೋದ ಆ ಎರಡನೇ ಸಾಲಿನ ಚೌಕಟ್ಟಿಗೂ ಇದೇ ದಾರಿ. ಹತ್ತಾರು ಜಾಯಿಂಟ್‌ಗಳನ್ನು ಮತ್ತೆ ಕಾಯಿಸಿ ಬಲ ಕಳೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಫೈರ್‌ವಾಲ್‌ನಿಂದ ಹಿಂದಿನ ಕಾಕ್‌ಪಿಟ್‌ವರೆಗಿನ ಭಾಗಕ್ಕೆ ಈ ರಿಯಾಯಿತಿ ಇಲ್ಲ. ಮೇಲು ರೆಕ್ಕೆಯನ್ನು ಹೊರುವ ಕಬಾನ್ ಕಂಬ, ಕೆಳ ರೆಕ್ಕೆಯ ಫಿಟಿಂಗ್, ಲ್ಯಾಂಡಿಂಗ್ ಗೇರ್ ಮೂರೂ ಅಲ್ಲೇ ಕೂರುವುದು. ಅಲ್ಲಿ ಓರೆಯಾದರೆ ಮೇಲು ರೆಕ್ಕೆ ಒಂದು ಕಡೆಗೆ, ಕೆಳ ರೆಕ್ಕೆ ಇನ್ನೊಂದು ಕಡೆಗೆ ಮುಖ ಮಾಡುತ್ತವೆ. ಬ್ರೇಸಿಂಗ್ ವೈರ್ ಬಿಗಿದು ಅದನ್ನು ಮುಚ್ಚಿಡಲು ಹೋಗಬೇಡಿ.

ಬಿರುಕು

ನೇರ ಮಾಡಿದ ಪ್ರತಿ ಜಾಯಿಂಟನ್ನೂ ಬಿರುಕಿಗೆ ಪರೀಕ್ಷಿಸಲೇಬೇಕು. ಕೆಂಪು ಡೈ ಪೆನಿಟ್ರಂಟ್ ಕಿಟ್ ಸಾಕು, ಮೂರು ಸ್ಪ್ರೇ ಡಬ್ಬಿ ಬರುತ್ತವೆ. ವೈರ್ ಬ್ರಷ್‌ನಿಂದ ಉಜ್ಜಿ, ಕ್ಲೀನರ್‌ನಿಂದ ಒರೆಸಿ, ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ಜಾಯಿಂಟ್ ಮೇಲೆ ಹೊಡೆದರೆ ಬಿರುಕಿನ ಒಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಆಮೇಲೆ ಬಿಳಿ ಡೆವಲಪರ್. ಬಿಳಿ ಪುಡಿ ಒಣಗುತ್ತಿದ್ದ ಹಾಗೆ ವೆಲ್ಡಿಂಗ್ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೂಡಿ, ನೋಡನೋಡುತ್ತ ದಪ್ಪವಾದರೆ ಅದು ಬಿರುಕು. ಒಮ್ಮೆ ಒರೆಸಿ ಮತ್ತೆ ಡೆವಲಪರ್ ಹೊಡೆಯಿರಿ. ಬಿರುಕು ಅದೇ ಜಾಗದಲ್ಲಿ ಮತ್ತೆ ಒಸರುತ್ತದೆ. ಬರೀ ಅಂಚು ಕೊರೆದಿದ್ದರೆ, ಅದನ್ನೇ ಅಂಡರ್‌ಕಟ್ ಅನ್ನುವುದು, ಎರಡನೇ ಸಲ ಬರುವುದಿಲ್ಲ. ಹಾಗಂತ ಅಂಡರ್‌ಕಟ್ ಕೂಡ ಸಣ್ಣ ವಿಷಯವಲ್ಲ, 0.9 ಮಿ.ಮೀ. ಗೋಡೆಯಲ್ಲಿ ಕಾಲು ಭಾಗ ಹೋದರೆ ಉಳಿಯುವುದೆಷ್ಟು?

ಬಿರುಕು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ವೆಲ್ಡಿಂಗ್ ನಿಲ್ಲಿಸಿದ ಕೊನೆಯ ಗುಂಡಿಯಲ್ಲಿ ನಕ್ಷತ್ರದ ಹಾಗೆ ಇದ್ದರೆ ಟಾರ್ಚನ್ನು ದಿಢೀರ್ ಎತ್ತಿದ್ದೀರಿ. ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಬಂದು, ಗುಂಡಿ ತುಂಬಿಸಿ, ಟಿಗ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ವಿದ್ಯುತ್ ಆರ್ಕ್‌ನಿಂದ ಮಾಡುವ ವೆಲ್ಡಿಂಗ್) ಆದರೆ ಪೆಡಲ್ ಮೆಲ್ಲಗೆ ಬಿಡಬೇಕು. ವೆಲ್ಡಿಂಗ್ ಪಕ್ಕದ ಟ್ಯೂಬ್‌ನಲ್ಲಿ, ಅಂಚಿಗೆ ಸಮಾನಾಂತರವಾಗಿ ಇದ್ದರೆ ಬೇಗ ತಣಿದಿದೆ ಅಥವಾ ಅದುಮಿ ಹಿಡಿದು ವೆಲ್ಡ್ ಮಾಡಿದ್ದೀರಿ. ವೆಲ್ಡಿಂಗ್ ನಡುವೆ ಉದ್ದಕ್ಕೆ ಇದ್ದರೆ ರಾಡ್ ನೋಡಿ. ಮನೆಯಲ್ಲಿ ಕಟ್ಟುವ ಚೌಕಟ್ಟಿಗೆ ಟಿಗ್‌ನಲ್ಲಿ ಇಆರ್70ಎಸ್-2 ರಾಡ್ ಸಾಮಾನ್ಯ. ಟ್ಯೂಬ್ 4130 ಅಂತ ರಾಡ್ ಕೂಡ 4130ನದ್ದೇ ತಂದರೆ, ಆಮೇಲೆ ಹೀಟ್ ಟ್ರೀಟ್‌ಮೆಂಟ್ ಮಾಡದೆ ಇದ್ದಾಗ, ಗಂಟು ಪೆಡಸಾಗುತ್ತದೆ. ಹಿತ್ತಾಳೆ ಬ್ರೇಜಿಂಗ್ ಆಗಿದ್ದ ಜಾಗದಲ್ಲಿ ವೆಲ್ಡಿಂಗ್ ಮಾಡಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ತಾಮ್ರ ಕಾದ ಉಕ್ಕಿನೊಳಗೆ ನುಸುಳಿ ಸೀಳುತ್ತದೆ.

ಬಿರುಕಿನ ಮೇಲೆ ಇನ್ನೊಂದು ಪದರ ಎಳೆದು ಮುಚ್ಚುವುದು ರಿಪೇರಿಯಲ್ಲ. ಪೂರ್ತಿ ಕೊರೆದು ತೆಗೆದು ಒಮ್ಮೆ ವೆಲ್ಡ್ ಮಾಡಿ. ಮತ್ತೆ ಬಂದರೆ ಆ ಟ್ಯೂಬ್ ಬದಲಾಯಿಸಿ. ಗಂಟನ್ನು ಚೆಂದ ಕಾಣಲಿ ಅಂತ ಫೈಲ್ ಮಾಡಬಾರದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಎಸಿ 43.13-1ಬಿ ಕೈಪಿಡಿಯೂ ಇದನ್ನೇ ಹೇಳುತ್ತದೆ. ಒಂದೆರಡು ದಿನ ಬಿಟ್ಟು ಡೈ ಪರೀಕ್ಷೆ ಇನ್ನೊಮ್ಮೆ ಮಾಡಿ. ಎಣ್ಣೆ, ತೇವದಿಂದ ಹೈಡ್ರೋಜನ್ ಸೇರಿ ಆಗುವ ಬಿರುಕು ತಡವಾಗಿ ಮುಖ ತೋರಿಸುತ್ತದೆ.

ಸಣ್ಣ ತೂತುಗಳು

ವೆಲ್ಡಿಂಗ್ ತೂತು ತೂತಾಗಿ, ಬೂದಿ ಬಣ್ಣಕ್ಕೆ ತಿರುಗಿದ್ದರೆ ಆರ್ಗಾನ್ ತಲುಪುತ್ತಿಲ್ಲ. ಮೊದಲು ಫ್ಯಾನ್ ಆಫ್ ಮಾಡಿ ಒಂದು ಗುಜರಿ ತುಂಡಿನ ಮೇಲೆ ನೋಡಿ. ಆಮೇಲೆ ಹೋಸ್, ಆಮೇಲೆ ಸಿಲಿಂಡರ್. ನಿಮಿಷಕ್ಕೆ ಏಳೆಂಟು ಲೀಟರ್ ಸಾಕು, ಜಾಸ್ತಿ ಬಿಟ್ಟರೆ ಗ್ಯಾಸ್ ಸುಳಿದು ಹೊರಗಿನ ಗಾಳಿಯನ್ನೇ ಎಳೆದು ತರುತ್ತದೆ. ಟ್ಯೂಬನ್ನು ಅಸಿಟೋನ್‌ನಿಂದ ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಒರೆಸಿ, ಅದು ಆರಿದ ಮೇಲೆಯೇ ಆರ್ಕ್ ಹೊಡೆಯಿರಿ. ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಲೇಬೇಡಿ. ಕ್ಲೋರಿನ್ ಇರುವ ದ್ರಾವಕ ಆರ್ಕ್‌ಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ. ಕ್ಯಾಡ್ಮಿಯಂ ಲೇಪನದ ವಿಮಾನದ ಬೋಲ್ಟ್ ಹತ್ತಿರದಲ್ಲಿದ್ದರೆ ಅದನ್ನೂ ಮೊದಲೇ ಬಿಚ್ಚಿಡಿ, ಅದರ ಹೊಗೆಯೂ ಪ್ರಾಣಕ್ಕೆ ಸಂಚಕಾರ.

ಎಲ್ಲ ಚೆನ್ನಾಗಿ ಬಂದು, ಕೊನೆಯ ಅರ್ಧ ಇಂಚು ಮುಚ್ಚುವಾಗ ಮಾತ್ರ ಕರಗಿದ ಲೋಹ ಪಟ್ ಅಂತ ಹೊರಗೆ ಚಿಮ್ಮುತ್ತದೆಯಾ? ಅದು ಒಳಗೆ ಸಿಕ್ಕಿಬಿದ್ದ ಬಿಸಿ ಗಾಳಿಯ ಕೆಲಸ. ಮುಚ್ಚುವ ಟ್ಯೂಬ್‌ನಿಂದ ಪಕ್ಕದ ಲಾಂಜೆರಾನ್ ಒಳಕ್ಕೆ, ಜಾಯಿಂಟ್ ಅಡಿಯಲ್ಲಿ ಎರಡೂವರೆ ಮಿ.ಮೀ. ತೂತು ಮೊದಲೇ ಕೊರೆದಿದ್ದರೆ ಆಗುವುದಿಲ್ಲ. ಹೀಗೆ ಒಳಗಿಂದ ಒಳಗೆ ಎಲ್ಲ ಟ್ಯೂಬ್ ಸೇರಿಕೊಂಡಿದ್ದರೆ ಇನ್ನೊಂದು ಲಾಭ: ಒಂದೇ ಕಡೆ ಸೈಕಲ್ ಟ್ಯೂಬ್‌ನ ವಾಲ್ವ್ ಕೂರಿಸಿ, ಕೈ ಪಂಪಿನಿಂದ ಸ್ವಲ್ಪವೇ ಗಾಳಿ ತುಂಬಿ, ಜಾಯಿಂಟ್‌ಗಳಿಗೆ ಸೋಪಿನ ನೊರೆ ಬಳಿದರೆ ಸೂಜಿಮೊನೆಯ ತೂತೂ ಗುಳ್ಳೆ ಬಿಡುತ್ತದೆ. ಗುಳ್ಳೆ ಬಂದ ಕಡೆ ಗುರುತು ಹಾಕಿ, ಗಾಳಿ ಪೂರ್ತಿ ಬಿಟ್ಟು, ಸೋಪು ತೊಳೆದು ಒಣಗಿಸಿ, ಆಮೇಲೆ ರಿಪೇರಿ.

ಒಳಗಿನ ತುಕ್ಕಿಗೆ ಬಿಸಿ ಅಗಸೆ ಎಣ್ಣೆ ಬಿಟ್ಟು, ಚೌಕಟ್ಟನ್ನು ಹೊರಳಿಸಿ, ಬಸಿದು, ತೂತು ಮುಚ್ಚುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ. ಆದರೆ ಎಣ್ಣೆ ಹೋದ ಟ್ಯೂಬ್‌ಗೆ ಮತ್ತೆ ವೆಲ್ಡಿಂಗ್ ಮಾಡಿದರೆ ಎಣ್ಣೆ ಸುಟ್ಟು ಗಂಟು ತುಂಬ ತೂತಾಗುತ್ತದೆ. ಸೀಟ್‌ಬೆಲ್ಟ್ ಲಗ್, ಪೆಡಲ್ ಬ್ರಾಕೆಟ್, ಬಟ್ಟೆ ಹೊದಿಸಲು ಬೇಕಾದ ಪಟ್ಟಿಗಳ ಟ್ಯಾಬ್, ಬಾಲದ ಫಿಟಿಂಗ್ ಎಲ್ಲ ವೆಲ್ಡ್ ಆಗಿ, ಕೋನದ ಸಾಲನ್ನು ಕಡೆಯ ಸಲ ಅಳೆದು ಹಾಳೆಯಲ್ಲಿ ಬರೆದ ಮೇಲೆಯೇ ಎಣ್ಣೆ ಕಾಯಿಸಲು ಇಡಿ.